ಮೊದಲ ಮನೆಗೆ ಕೈಯಾಗಿನ ರೊಕ್ಕ

ಗೃಹಸಾಲಕ್ಕೆ ಹೋದ ಕುಟುಂಬ ತನ್ನ ಪಾಲಿನದೆಂದು ಮೊದಲೇ ತೋರಿಸಬೇಕಾದ ಹಣವನ್ನು ಬ್ಯಾಂಕಿನವರು ಮಾರ್ಜಿನ್ ಎನ್ನುತ್ತಾರೆ. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಮನೆಗಳಲ್ಲಿ ಅದು ಕೈಯಾಗಿನ ರೊಕ್ಕ. ಅದು ಎಷ್ಟಿರಬೇಕು ಎಂಬುದಕ್ಕೆ ರಿಸರ್ವ್ ಬ್ಯಾಂಕಿನ ನಿಯಮವಿದೆ. ₹30 ಲಕ್ಷದವರೆಗಿನ ಗೃಹಸಾಲದಲ್ಲಿ ಮನೆಯ ಬೆಲೆಯ ಶೇ 90ರವರೆಗೆ ಬ್ಯಾಂಕು ಕೊಡಬಹುದು. ಉಳಿದ ಶೇ 10 ಕೊಳ್ಳುವವರ ಪಾಲು. ಖರೀದಿ ಪತ್ರದ ಖರ್ಚು ಬೇರೆ. ಪಟ್ಟಣ ವ್ಯಾಪ್ತಿಯ ಮನೆಗೆ ಮುದ್ರಾಂಕ ಶುಲ್ಕ ಶೇ 5, ಅದರ ಮೇಲಿನ ಸೆಸ್ಸು, ಸರ್ಚಾರ್ಜು ಕೂಡಿ ಶೇ 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರ ಬದಲು ಶೇ 2 ಆಗಿದೆ. ಎರಡೂ ಸೇರಿ ಶೇ 7.6. ಹಳ್ಳಿಯಲ್ಲಿ ಸರ್ಚಾರ್ಜು ತುಸು ಹೆಚ್ಚು.

ಈ ನಿಯಮದಲ್ಲಿ ಸಣ್ಣ ಊರಿನವರಿಗೆ ಅನುಕೂಲವಾದ ಒಂದು ಸಾಲಿದೆ. ಅದು ಹೆಚ್ಚಿನವರ ಗಮನಕ್ಕೆ ಬಂದಿಲ್ಲ. ಸಾಮಾನ್ಯವಾಗಿ ಮುದ್ರಾಂಕ, ನೋಂದಣಿ ಖರ್ಚನ್ನು ಮನೆಯ ಬೆಲೆಗೆ ಸೇರಿಸಿ ಸಾಲ ಕೊಡುವಂತಿಲ್ಲ. ಆದರೆ ಮನೆಯ ಬೆಲೆ ₹10 ಲಕ್ಷ ಮೀರದಿದ್ದರೆ ಸೇರಿಸಬಹುದು. ₹15 ಲಕ್ಷದ ಮನೆಗೆ ಶೇ 10ರ ₹1,50,000 ಮತ್ತು ನೋಂದಣಿಯ ₹1,14,000 ಎಂದು ಒಟ್ಟು ₹2,64,000 ಕೈಯಿಂದ ಬರಬೇಕು. ₹10 ಲಕ್ಷದ ಮನೆಗೆ ನೋಂದಣಿ ಖರ್ಚು ₹76,000 ಸೇರಿ ₹10,76,000 ಆಗುತ್ತದೆ. ಅದರ ಹತ್ತನೇ ಒಂದು ಪಾಲು ₹1,07,600 ಇದ್ದರೆ ಸಾಕು. ಬೆಲೆ ಒಂದೂವರೆ ಪಟ್ಟು ಏರಿದರೆ ಕೈಯಿಂದ ಹಾಕುವ ಹಣ ಎರಡೂವರೆ ಪಟ್ಟಿಗೆ ಸಮೀಪ ಏರುತ್ತದೆ. ಆದ್ದರಿಂದ ಮೊದಲ ಮನೆ ದೊಡ್ಡದಾಗಿರಬೇಕು ಎಂಬ ಹಟವೇ ಕಡಿಮೆ ಆದಾಯದವರಿಗೆ ಎಲ್ಲಕ್ಕಿಂತ ದುಬಾರಿ.

ಆದರೂ ಶೇ 90 ಎಂಬುದು ಗರಿಷ್ಠ ಮಿತಿ ಮಾತ್ರ. ಅದಕ್ಕಿಂತ ಮೊದಲೇ ಅಡ್ಡ ಬರುವುದು ಕುಟುಂಬದ ಆದಾಯ. ಶೇ 8.5ರ ಬಡ್ಡಿಯಲ್ಲಿ 20 ವರ್ಷದ ಸಾಲ ಎಂದು ಹಿಡಿದರೆ, ಪ್ರತಿ ಒಂದು ಲಕ್ಷಕ್ಕೆ ತಿಂಗಳ ಕಂತು ₹868 ಬೀಳುತ್ತದೆ. ₹15 ಲಕ್ಷದ ಮನೆಗೆ ಬೇಕಾದ ₹13.5 ಲಕ್ಷ ಸಾಲಕ್ಕೆ ಕಂತು ಸುಮಾರು ₹11,700. ತಿಂಗಳಿಗೆ ₹20,000 ದುಡಿಯುವ ಮನೆಯವರು ಅದನ್ನು ಕಟ್ಟಲಾರರು, ಬ್ಯಾಂಕೂ ಕೊಡದು. ಅದೇ ಮನೆಯವರು ₹10 ಲಕ್ಷದ ಮನೆಗೆ ₹9,68,400 ಸಾಲ ಪಡೆದರೆ ಕಂತು ₹8,400ರ ಆಸುಪಾಸು. ಬಿಗಿಯಾದರೂ ನಡೆಸಬಹುದಾದ ಲೆಕ್ಕ. ಅಂಚೆ ಕಚೇರಿಯ 5 ವರ್ಷದ ಆರ್‌ಡಿಯಲ್ಲಿ ಈಗಿನ ಶೇ 6.7ರ ಬಡ್ಡಿಗೆ ತಿಂಗಳಿಗೆ ₹1,500 ಕಟ್ಟುತ್ತ ಹೋದರೆ ಕೊನೆಗೆ ₹1,07,049 ಸಿಗುತ್ತದೆ. ಆ ಮನೆಗೆ ಬೇಕಾದ ಕೈಯ ಹಣ ಹೆಚ್ಚುಕಡಿಮೆ ಅಷ್ಟೇ.

ಇಷ್ಟು ಸುಲಭವಾಗಿದ್ದರೆ ಈ ಐದು ತಾಲ್ಲೂಕುಗಳಲ್ಲಿ ಪತ್ರಾಸಿನ (ತಗಡು ಹೊದಿಸಿದ) ಮನೆಗಳು ಇಷ್ಟೊಂದು ಉಳಿಯುತ್ತಿರಲಿಲ್ಲ. ಲೆಕ್ಕ ತಪ್ಪುವುದು ಬಡ್ಡಿದರದಲ್ಲಿ. ಶೇ 8.5ರ ಸಾಲ ಸಿಗುವುದು ಆದಾಯವನ್ನು ಕಾಗದದ ಮೇಲೆ ತೋರಿಸಬಲ್ಲವರಿಗೆ: ಪಗಾರದ ಚೀಟಿ ಇರುವ ಶಿಕ್ಷಕರು, ಸಾರಿಗೆ ನೌಕರರು, ಕಾರ್ಖಾನೆಯ ಕಾಯಂ ಕೆಲಸಗಾರರು. ಗಾರೆ ಕೆಲಸದವರು, ಬಾಡಿಗೆ ವಾಹನ ಓಡಿಸುವವರು, ಸಂತೆಯಲ್ಲಿ ಕಾಯಿಪಲ್ಲೆ ಮಾರುವವರು ಅಷ್ಟೇ ದುಡಿದರೂ ಬ್ಯಾಂಕಿನ ಮೇಜಿನ ಮುಂದೆ ಆದಾಯವಿಲ್ಲದವರಾಗುತ್ತಾರೆ. ಅವರಿಗೆ ಕೊನೆಗೆ ದಾರಿ ತೋರುವುದು ಖಾಸಗಿ ಗೃಹಸಾಲ ಕಂಪನಿ. ಬಡ್ಡಿ ಅಲ್ಲಿ ಹೆಚ್ಚು. ಶೇ 13 ಎಂದು ಹಿಡಿದರೆ ಲಕ್ಷಕ್ಕೆ ಕಂತು ₹1,172. ಅದೇ ₹8,400ರ ಕಂತಿಗೆ ಈಗ ಸಿಗುವ ಸಾಲ ₹7.17 ಲಕ್ಷ ಮಾತ್ರ. ಮನೆ ಅದೇ, ದುಡಿಮೆ ಅದೇ, ಕಂತೂ ಅದೇ. ಕೈಯಿಂದ ಹಾಕಬೇಕಾದ ಹಣ ಮಾತ್ರ ₹1.08 ಲಕ್ಷದಿಂದ ₹3.59 ಲಕ್ಷಕ್ಕೆ ಜಿಗಿಯುತ್ತದೆ. ಅಷ್ಟು ಕೂಡಿಸಲು ಆರ್‌ಡಿಗೆ ತಿಂಗಳಿಗೆ ₹5,000 ಕಟ್ಟಬೇಕು. ಆದಾಯದ ದಾಖಲೆಯೊಂದು ಇಲ್ಲದ ತಪ್ಪಿಗೆ ಆ ಕುಟುಂಬ ಐದು ವರ್ಷ ತಿಂಗಳಿಗೆ ₹3,500 ಹೆಚ್ಚು ಉಳಿಸಬೇಕಾಗುತ್ತದೆ. ಉಳಿತಾಯದ ಬಗೆಗಿನ ಉಪದೇಶಗಳು ಚಹಾ, ಬಟ್ಟೆ, ಮೊಬೈಲಿನ ಖರ್ಚನ್ನೇ ಎಣಿಸುತ್ತವೆ. ಅವನ್ನೆಲ್ಲ ಬಿಟ್ಟರೂ ಇಷ್ಟು ಉಳಿಯದು. ಕಡಿಮೆ ಆದಾಯದವರ ಮನೆಯ ಕನಸನ್ನು ದೂರ ತಳ್ಳುವುದು ದುಂದುಗಾರಿಕೆಗಿಂತ ಹೆಚ್ಚಾಗಿ ದಾಖಲೆಯ ಕೊರತೆ. ಆದಾಯಕ್ಕೂ ದಾಖಲೆ ಬೇಕು, ಉಳಿಸಿದ ಹಣಕ್ಕೂ ಬೇಕು, ಕೊಳ್ಳುವ ಜಾಗಕ್ಕೂ ಬೇಕು.

ಈ ಭಾಗದ ದುಡಿಮೆಯನ್ನು ಒಂದೊಂದಾಗಿ ನೋಡಿದರೆ, ದಾಖಲೆ ಇಲ್ಲವೇ ಇಲ್ಲ ಎನ್ನಲಾಗದು. ಕಬ್ಬು ಬೆಳೆಯುವ ಸಣ್ಣ ರೈತನ ಬಿಲ್ಲು ಕಾರ್ಖಾನೆಯಿಂದ ನೇರ ಬ್ಯಾಂಕ್ ಖಾತೆಗೆ ಬೀಳುತ್ತದೆ. 1939ರಷ್ಟು ಹಿಂದೆ ಸ್ಥಾಪನೆಯಾದ ಉಗಾರ ಶುಗರ್ ವರ್ಕ್ಸ್ ಇರಲಿ, ಚಿಕ್ಕೋಡಿಯ ದೂಧಗಂಗಾ ಕೃಷ್ಣಾ, ನಿಪ್ಪಾಣಿಯ ಹಾಲಸಿದ್ಧನಾಥ, ಅಥಣಿಯ ಕೃಷ್ಣಾ ಸಹಕಾರಿ ಕಾರ್ಖಾನೆಗಳಿರಲಿ, ಎಷ್ಟು ಟನ್ ತೂಗಿತು, ಎಷ್ಟು ಹಣ ಜಮೆಯಾಯಿತು ಎಂಬ ಚೀಟಿ ಪ್ರತಿ ಹಂಗಾಮಿಗೂ ಸಿಗುತ್ತದೆ. ಮೂರು ಹಂಗಾಮಿನ ಚೀಟಿ ಜೋಡಿಸಿಟ್ಟವರಿಗೆ ಅದು ಆದಾಯದ ಪತ್ರವೇ. ಹಾಲು ಹಾಕುವವರಿಗೆ ಡೇರಿಯ ಪುಸ್ತಕವಿದೆ. ಹತ್ತು-ಹದಿನೈದು ದಿನಕ್ಕೊಮ್ಮೆ ಬಟವಾಡೆಯಾಗುವ ಹಾಲಿನ ಹಣದಷ್ಟು ಕ್ರಮಬದ್ಧವಾದ ಆದಾಯ ಹಳ್ಳಿಯಲ್ಲಿ ಮತ್ತೊಂದಿಲ್ಲ.

ನಿಪ್ಪಾಣಿಯ ಬೀಡಿ ಕಾರ್ಮಿಕಳ ಸ್ಥಿತಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮಡಿಲ ಮೇಲೆ ಮೊರ ಇಟ್ಟುಕೊಂಡು, ಎಲೆ ಕತ್ತರಿಸಿ, ತಂಬಾಕು ಹರಡಿ, ಸುತ್ತಿ, ದಾರ ಕಟ್ಟುವ ಈ ಕೆಲಸದಲ್ಲಿ ಕೂಲಿಯ ಲೆಕ್ಕ ಸಾವಿರ ಬೀಡಿಗೆ ಇಷ್ಟು ಎಂದು. ಎಷ್ಟು ಎಲೆ, ಎಷ್ಟು ತಂಬಾಕು ಒಯ್ದಳು, ಎಷ್ಟು ಬೀಡಿ ತಂದುಕೊಟ್ಟಳು ಎಂಬುದನ್ನು ಬರೆಯುವ ಲಾಗ್‌ಬುಕ್ ಇರುತ್ತದೆ. 1977ರಲ್ಲಿ ಭವಿಷ್ಯನಿಧಿ ಕಾಯ್ದೆಯನ್ನು ಬೀಡಿ ಉದ್ಯಮಕ್ಕೂ ವಿಸ್ತರಿಸಿದ್ದರಿಂದ, ಹೆಸರು ದಾಖಲಾದ ಕಾರ್ಮಿಕಳಿಗೆ ಪಿಎಫ್ ಖಾತೆಯೂ ಇರುತ್ತದೆ. ಅದರಿಂದ ಮನೆಗೆಂದು ಮುಂಗಡ ಪಡೆಯಲು ಅವಕಾಶವಿದೆ. ಆದರೆ ಲಾಗ್‌ಬುಕ್ಕಿನಲ್ಲಿ ತವರಿನ ಹೆಸರು, ಆಧಾರಿನಲ್ಲಿ ಗಂಡನ ಮನೆಯ ಅಡ್ಡಹೆಸರು, ಪಿಎಫ್ ದಾಖಲೆಯಲ್ಲಿ ಅಂದಾಜಿಗೆ ಬರೆದ ಹುಟ್ಟಿದ ತಾರೀಖು ಇದ್ದರೆ ಇಪ್ಪತ್ತು ವರ್ಷ ಕೂಡಿದ ಹಣವೂ ಬೇಕಾದ ದಿನ ಕೈಗೆ ಬರುವುದಿಲ್ಲ. ಈ ಮೂರನ್ನು ಒಂದು ಮಾಡಿಸುವುದು ಉಳಿತಾಯದ ಮೊದಲ ಹೆಜ್ಜೆ. ಇದಕ್ಕೆ ಓಡಾಟ ಬೇಕು, ಹೆಚ್ಚಿನ ರೊಕ್ಕ ಬೇಡ.

ದಾಖಲೆ ನಿಜಕ್ಕೂ ಇಲ್ಲದವರು ಬೇರೆ ಇದ್ದಾರೆ. ಅಥಣಿಯ ಚಪ್ಪಲಿ ಮಾಡುವವರು ಅಂಥವರು. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಸಿಕ್ಕ ಭೌಗೋಳಿಕ ಗುರುತಿನಲ್ಲಿ ಬೆಳಗಾವಿ ಜಿಲ್ಲೆಯೂ ಸೇರಿದೆ. ಹೆಸರು ಬಂದರೂ ಹೊಲಿಯುವವರ ಕೈಗೆ ಹಣ ಬರುವುದು ವ್ಯಾಪಾರಿಯಿಂದ, ಬಿಡಿಬಿಡಿಯಾಗಿ, ನಗದಾಗಿ. ಇಚಲಕರಂಜಿಗೆ ಹೊಂದಿಕೊಂಡ ಮಾಣಕಾಪುರದ ಮಗ್ಗದ ಕೂಲಿಕಾರರು, ಕಬ್ಬು ಕಡಿಯುವ ಗ್ಯಾಂಗಿನವರು ಇದೇ ಸಾಲಿನವರು. ಇವರು ಸಿಕ್ಕ ನಗದಿನ ಒಂದು ಭಾಗವನ್ನಾದರೂ ವಾರಕ್ಕೊಮ್ಮೆ ತಪ್ಪದೆ ಒಂದೇ ಖಾತೆಗೆ ಕಟ್ಟುತ್ತ ಬಂದರೆ, ಫೋನ್‌ಪೇಯಲ್ಲಿ ಪಡೆದ ಹಣ ಅದೇ ಖಾತೆಗೆ ಬರುವಂತೆ ಮಾಡಿಕೊಂಡರೆ, ಎರಡು ಮೂರು ವರ್ಷದಲ್ಲಿ ಆ ಖಾತೆಯ ಪುಸ್ತಕವೇ ಸಾಕ್ಷಿಯಾಗುತ್ತದೆ. ಪಗಾರದ ಚೀಟಿಯಷ್ಟು ಗಟ್ಟಿಯಲ್ಲ, ಏನೂ ಇಲ್ಲದ್ದಕ್ಕಿಂತ ಎಷ್ಟೋ ಮೇಲು.

ಉಳಿತಾಯದ ಕ್ರಮ ದುಡಿಮೆಯ ಕ್ರಮಕ್ಕೆ ಹೊಂದಬೇಕು ಎಂಬುದು ಎರಡನೆಯ ಮಾತು. ತಿಂಗಳ ಆರ್‌ಡಿ ತಿಂಗಳ ಪಗಾರದವರಿಗೆಂದು ಹುಟ್ಟಿದ್ದು. ಕಬ್ಬಿನವರ ಹಣ ಚಳಿಗಾಲದಿಂದ ಬೇಸಗೆಯವರೆಗೆ ಬಂದು ಮಳೆಗಾಲಕ್ಕೆ ತೀರುತ್ತದೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದಲ್ಲಿ ಬಿಲ್ಲು ಪಾವತಿಯಾಗಬೇಕು, ತಡವಾದರೆ ಶೇ 15ರ ಬಡ್ಡಿ ಸೇರಬೇಕು. ಬಿಲ್ಲು ಬಾಕಿ ಉಳಿದು ರೈತರು ಬೀದಿಗಿಳಿಯುವುದು ಈ ಜಿಲ್ಲೆಗೆ ಹೊಸದಲ್ಲ. ಆ ಬಾಕಿಯ ಬಿಸಿ ಮೊದಲು ತಟ್ಟುವುದು ಮನೆ ಕಟ್ಟಲು ಎತ್ತಿಟ್ಟ ಹಣಕ್ಕೇ. ಆದ್ದರಿಂದ ಕಬ್ಬಿನವರು ತಿಂಗಳ ಕಂತಿಗೆ ಕಟ್ಟುಬೀಳುವುದಕ್ಕಿಂತ, ಬಿಲ್ಲು ಬಿದ್ದ ವಾರದಲ್ಲೇ ಒಂದು ಪಾಲನ್ನು ನಿಶ್ಚಿತ ಠೇವಣಿಗೆ ಹಾಕುವುದು ಒಳ್ಳೆಯದು. ಹೈನದ ಮನೆಯವರಿಗೆ ಇನ್ನೊಂದು ಅನುಕೂಲ ಇದೆ. ಕೆಎಂಎಫ್ ಸಂಘಕ್ಕೆ ಹಾಲು ಹಾಕುವವರಿಗೆ ರಾಜ್ಯ ಸರ್ಕಾರ ಲೀಟರಿಗೆ ₹5 ಪ್ರೋತ್ಸಾಹಧನ ಕೊಡುತ್ತದೆ. ದಿನಕ್ಕೆ ಹತ್ತು ಲೀಟರ್ ಹಾಕುವ ಮನೆಗೆ ಅದು ತಿಂಗಳಿಗೆ ₹1,500. ಮೇಲೆ ಹೇಳಿದ ಮನೆಗೆ ಬೇಕಾದ ಉಳಿತಾಯಕ್ಕೆ ಸರಿಸಮ. ಈ ಹಣ ಹಲವು ಸಲ ತಿಂಗಳುಗಟ್ಟಲೆ ತಡವಾಗಿ ಒಟ್ಟಿಗೆ ಬರುತ್ತದೆ. ದಿನದ ಖರ್ಚಿಗೆ ನೆಚ್ಚಲಾಗದ ಹಣ ಎಂಬ ಕಾರಣಕ್ಕೇ ಅದು ಮನೆಯ ಹೆಸರಿನಲ್ಲಿ ಇಡಲು ತಕ್ಕದ್ದು. 2023ರ ಆಗಸ್ಟಿನಲ್ಲಿ ಆರಂಭವಾದ ಗೃಹಲಕ್ಷ್ಮಿಯ ₹2,000 ಕೂಡ ಲೆಕ್ಕದಲ್ಲಿ ದೊಡ್ಡದೇ: ಐದು ವರ್ಷ ಆರ್‌ಡಿಗೆ ಹೋದರೆ ₹1,42,732. ಆದರೆ ಬಹಳ ಮನೆಗಳಲ್ಲಿ ಆ ಹಣ ರೇಷನ್ ಅಂಗಡಿಯಾಚೆಯ ಸಂತೆ, ಔಷಧ, ಮಕ್ಕಳ ಫೀಸಿಗೆ ಆಸರೆಯಾಗಿದೆ. ಅದನ್ನೂ ಉಳಿಸಿರೆಂದು ಅಂಥ ಮನೆಗಳಿಗೆ ಹೇಳುವುದು ನ್ಯಾಯವಲ್ಲ.

ದಿನಗೂಲಿಯವರಿಗೆ ಹೊಂದುವ ಉಳಿತಾಯವನ್ನು ಕರ್ನಾಟಕವೇ ಕಂಡುಹಿಡಿದಿದೆ. ಉಡುಪಿಯಲ್ಲಿ 1925ರಲ್ಲಿ ಆರಂಭವಾಗಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಸಂಸ್ಥೆಯಲ್ಲಿ ಟಿ.ಎಂ.ಎ. ಪೈ ಅವರು 1928ರಲ್ಲಿ ಪಿಗ್ಮಿ ಠೇವಣಿ ತಂದರು. ದಿನಕ್ಕೆ ಎರಡಾಣೆಯಷ್ಟು ಸಣ್ಣ ಹಣವನ್ನು ಏಜೆಂಟನೇ ಮನೆಬಾಗಿಲಿಗೆ ಬಂದು ಒಯ್ಯುವ ಏರ್ಪಾಡು. ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ಲೀನವಾದರೂ ಪಿಗ್ಮಿ ಎಂಬ ಹೆಸರು ಕೃಷ್ಣಾ ತೀರದ ಪೇಟೆಗಳಲ್ಲಿ ಗಟ್ಟಿಯಾಗಿ ನಿಂತಿದೆ. ಸಂಜೆ ವ್ಯಾಪಾರ ಇಳಿಯುವ ಹೊತ್ತಿಗೆ ಪಿಗ್ಮಿಯವರು ಕೈಯಲ್ಲಿ ಸಣ್ಣ ಯಂತ್ರ ಹಿಡಿದು ಚಹಾ ಅಂಗಡಿ, ಪಾನ್ ಅಂಗಡಿ, ಹೊಲಿಗೆ ಅಂಗಡಿ ತಿರುಗುತ್ತಾರೆ; ಐವತ್ತೋ ನೂರೋ ತೆಗೆದುಕೊಂಡು, ಗುಂಡಿ ಒತ್ತಿ, ಬೆರಳಗಲದ ಚೀಟಿ ಹರಿದುಕೊಡುತ್ತಾರೆ. ಬಡ್ಡಿ ಕಡಿಮೆ, ಅವಧಿಗೆ ಮೊದಲು ತೆಗೆದರೆ ಕಡಿತವೂ ಇದೆ. ಆದರೂ ಗಲ್ಲೆಯಲ್ಲಿ ಉಳಿದರೆ ಖರ್ಚಾಗುವ ಹಣ ಅಲ್ಲಿ ಉಳಿಯುತ್ತದೆ. ಪಿಗ್ಮಿಯನ್ನು ಹಣ ಕೂಡಿಸುವ ಸಾಧನವಾಗಿ ಬಳಸಿ, ವರ್ಷಕ್ಕೊಮ್ಮೆ ತೆಗೆದು ಬಡ್ಡಿ ಹೆಚ್ಚಿರುವ ಠೇವಣಿಗೆ ದಾಟಿಸುವುದು ಜಾಣತನ. ಐದು ವರ್ಷವೂ ಪಿಗ್ಮಿಯಲ್ಲೇ ಇಟ್ಟರೆ ಬಡ್ಡಿಯ ನಷ್ಟ ಸಣ್ಣದಲ್ಲ. ಚೀಟಿಯನ್ನು ಮಾತ್ರ ಬಿಸಾಡಬಾರದು.

ಹಣ ಎಲ್ಲಿ ಇಡಬೇಕು ಎಂಬ ಪ್ರಶ್ನೆ ಈ ಭಾಗದಲ್ಲಿ ಬೇರೆಡೆಗಿಂತ ಮುಖ್ಯ. ಸಹಕಾರಿ ಪತ್ತಿನ ಸಂಸ್ಥೆಗಳು ಇಲ್ಲಿ ಸಣ್ಣ ಸಣ್ಣ ಊರುಗಳಲ್ಲೂ ಇವೆ. ಯಕ್ಸಂಬಾದ ಬೀರೇಶ್ವರ, ಬೋರಗಾಂವದ ಅರಿಹಂತದಂಥ ದೊಡ್ಡ ಸಂಸ್ಥೆಗಳು ಈ ಹಳ್ಳಿಗಳಲ್ಲೇ ಹುಟ್ಟಿ ಬೆಳೆದವು. ರಾಷ್ಟ್ರೀಕೃತ ಬ್ಯಾಂಕು ಮುಖ ತಿರುಗಿಸಿದವರಿಗೆ ಸಾಲ ಕೊಟ್ಟು ಕೈಹಿಡಿದದ್ದು ಇಂಥ ಸಂಘಗಳೇ. ಆದರೆ ಕಾಯ್ದೆಯ ಒಂದು ವ್ಯತ್ಯಾಸ ಪ್ರತಿ ಠೇವಣಿದಾರನಿಗೂ ತಿಳಿದಿರಬೇಕು. ಬ್ಯಾಂಕಿನಲ್ಲಿಟ್ಟ ಠೇವಣಿಗೆ, ಅದು ಅರ್ಬನ್ ಕೋ-ಆಪರೇಟಿವ್ ಬ್ಯಾಂಕೇ ಆಗಿರಲಿ, ಜಿಲ್ಲಾ ಸಹಕಾರಿ ಕೇಂದ್ರ ಬ್ಯಾಂಕೇ ಆಗಿರಲಿ, ಒಬ್ಬರಿಗೆ ₹5 ಲಕ್ಷದವರೆಗೆ ಠೇವಣಿ ವಿಮೆ ಇದೆ. 2020ರ ಫೆಬ್ರವರಿಯವರೆಗೆ ಅದು ₹1 ಲಕ್ಷ ಮಾತ್ರ ಇತ್ತು. ಪತ್ತಿನ ಸಹಕಾರಿ ಸಂಘ, ಸೌಹಾರ್ದ ಸಹಕಾರಿ, ಬಹುರಾಜ್ಯ ಪತ್ತಿನ ಸಂಘಗಳ ಠೇವಣಿಗೆ ಈ ವಿಮೆ ಇಲ್ಲ, ಸಂಸ್ಥೆ ಎಷ್ಟೇ ಚೆನ್ನಾಗಿ ನಡೆಯುತ್ತಿರಲಿ. ಅರ್ಧ-ಒಂದು ಶೇಕಡಾ ಹೆಚ್ಚು ಬಡ್ಡಿಗಾಗಿ ಮನೆಯ ಪೂರ್ತಿ ಹಣವನ್ನು ಒಂದೇ ಸಂಘದಲ್ಲಿ ಇಡುವುದು ತಪ್ಪು. ₹3 ಲಕ್ಷದ ಮೇಲೆ ಒಂದು ಶೇಕಡಾ ಎಂದರೆ ವರ್ಷಕ್ಕೆ ₹3,000. ಆ ₹3,000ಕ್ಕೆ ಮೂರು ಲಕ್ಷವನ್ನೇ ಪಣಕ್ಕಿಡುವ ಅಗತ್ಯ ಮನೆ ಕಟ್ಟುವವರಿಗೆ ಇಲ್ಲ. ಸಂಘದಲ್ಲಿ ಪಿಗ್ಮಿ, ಬ್ಯಾಂಕು ಅಥವಾ ಅಂಚೆ ಕಚೇರಿಯಲ್ಲಿ ಗಂಟು ಎಂದು ಬೇರ್ಪಡಿಸಿಕೊಂಡರೆ ಎರಡರ ಗುಣವೂ ದಕ್ಕುತ್ತದೆ.

ಹೆಣ್ಣುಮಕ್ಕಳು ಹಣ ಕೂಡಿಸಿ ಸರದಿಯಂತೆ ಎತ್ತಿಕೊಳ್ಳುವ ಭಿಶಿಗೆ ಕಾಗದವಿಲ್ಲ, ನಂಬಿಕೆಯೇ ಆಧಾರ. ಹತ್ತು-ಹನ್ನೆರಡು ಜನ ಒಂದೇ ಓಣಿಯವರಾಗಿದ್ದು, ಮೊತ್ತ ಸಣ್ಣದಾಗಿದ್ದರೆ ಅದು ನಡೆಯುತ್ತದೆ. ಮನೆಯ ಗಂಟನ್ನು ಅದರಲ್ಲಿ ಹೂಡಬಾರದು. ಬಂಗಾರದ ಮಾತು ಬೇರೆ. 2025ರಲ್ಲಿ ಹತ್ತು ಗ್ರಾಂ ಬೆಲೆ ಲಕ್ಷ ದಾಟಿದ ಮೇಲೆ, ತೊಲೆ ಲೆಕ್ಕದಲ್ಲಿ ಕೊಂಡಿಟ್ಟವರೇ ಆರ್‌ಡಿ ಕಟ್ಟಿದವರಿಗಿಂತ ಗೆದ್ದರು ಎಂಬುದನ್ನು ಒಪ್ಪಲೇಬೇಕು. ಆದರೆ ಒಡವೆಯ ಮಜೂರಿ ಮಾರುವಾಗ ಮರಳಿ ಬರುವುದಿಲ್ಲ, ಏರಿದ ಬೆಲೆ ಇಳಿಯುವುದೇ ಇಲ್ಲವೆಂದೂ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಹೆಂಡತಿಯ ಮೈಮೇಲಿನ ಬಂಗಾರ ಅವಳ ಆಪತ್ತಿನ ಆಸರೆ. ಅದನ್ನು ಮಾರಿ ಕೊಂಡ ಮನೆಯ ಖರೀದಿ ಪತ್ರದಲ್ಲಿ ಅವಳ ಹೆಸರಿಲ್ಲದಿದ್ದರೆ ಅದು ಅನ್ಯಾಯ.

ಉಳಿತಾಯವನ್ನು ತಿನ್ನುವ ದೊಡ್ಡ ಬಾಯಿ ಸಾಲದ್ದು. ಹಳ್ಳಿಗಳಲ್ಲಿ ಸಂಘದ ಸಾಲ ಎನ್ನುವ ಮೈಕ್ರೊಫೈನಾನ್ಸ್ ವಾರದ ಕಂತು ಮೂರು-ನಾಲ್ಕು ಕಡೆ ನಡೆಯುತ್ತಿರುವ ಮನೆಗಳಿವೆ. ರಿಸರ್ವ್ ಬ್ಯಾಂಕಿನ 2022ರ ನಿಯಮದಂತೆ ವರ್ಷಕ್ಕೆ ₹3 ಲಕ್ಷದೊಳಗಿನ ಆದಾಯದ ಮನೆಗೆ ಇಂಥ ಸಾಲ ಕೊಡುವಾಗ ಎಲ್ಲ ಸಾಲದ ಕಂತು ಕೂಡಿ ಆದಾಯದ ಅರ್ಧ ಮೀರುವಂತಿಲ್ಲ. ಮಿತಿ ಎಲ್ಲೆಡೆ ಪಾಲನೆಯಾಗಿದ್ದರೆ 2025ರ ಫೆಬ್ರವರಿಯಲ್ಲಿ ಬಲವಂತದ ವಸೂಲಿ ತಡೆಯಲು ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತರಬೇಕಾಗುತ್ತಿರಲಿಲ್ಲ. ಗೃಹಸಾಲದ ಅರ್ಜಿ ನೋಡುವ ಬ್ಯಾಂಕು ಈ ಕಂತುಗಳನ್ನೆಲ್ಲ ಸಿಬಿಲ್ ವರದಿಯಲ್ಲಿ ಕಾಣುತ್ತದೆ. ವಾರಕ್ಕೆ ₹1,000 ಕಂತು ಇದ್ದರೆ ತಿಂಗಳಿಗೆ ₹4,300ರಷ್ಟಾಗುತ್ತದೆ, ಶೇ 8.5ರ ಲೆಕ್ಕದಲ್ಲಿ ಅಷ್ಟು ಕಂತಿಗೆ ಸುಮಾರು ₹5 ಲಕ್ಷ ಗೃಹಸಾಲ ಸಿಗುತ್ತಿತ್ತು. ಆದ್ದರಿಂದ ಹೆಚ್ಚು ಬಡ್ಡಿಯ ಸಾಲ ಇರುವ ಮನೆ ಆರ್‌ಡಿ ತೆರೆಯುವ ಮೊದಲು ಆ ಸಾಲ ತೀರಿಸಬೇಕು. ಸಾಲ ತೀರಿದ ವಾರದಿಂದ ಅದೇ ಕಂತನ್ನು ಅದೇ ದಿನ ತನ್ನ ಖಾತೆಗೆ ಕಟ್ಟತೊಡಗಿದರೆ ಮೂರು ವರ್ಷದಲ್ಲಿ ಬಡ್ಡಿ ಬಿಟ್ಟೇ ಒಂದೂವರೆ ಲಕ್ಷ ದಾಟುತ್ತದೆ. ಕಂತು ಕಟ್ಟುವ ಶಿಸ್ತು ಈ ಹೆಣ್ಣುಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ.

ಇಷ್ಟೆಲ್ಲ ಕೂಡಿಸಿದ ಹಣ ಒಂದೇ ದಿನದಲ್ಲಿ ಮುಳುಗುವುದು ಜಾಗದ ಖರೀದಿಯಲ್ಲಿ. ಊರಂಚಿನ ಹೊಲವನ್ನು ಯಾರೋ ಸುಣ್ಣದ ಗೆರೆ ಎಳೆದು ಗುಂಟೆ ಲೆಕ್ಕದಲ್ಲಿ ಮಾರುತ್ತಾರೆ. ಒಂದು ಗುಂಟೆ 1,089 ಚದರ ಅಡಿ, ಸಣ್ಣ ಮನೆಗೆ ಸಾಕು. ಬೆಲೆ ಎನ್ಎ, ಅಂದರೆ ಬಿನ್‌ಶೇತ್ಕಿ (ಕೃಷಿಯೇತರ) ಪ್ಲಾಟಿಗಿಂತ ಎಷ್ಟೋ ಕಡಿಮೆ. ಆದರೆ ಬಿನ್‌ಶೇತ್ಕಿ ಆಗದ ಆ ಜಮೀನಿನ ಹಕ್ಕಿನ ದಾಖಲೆಯಾದ ಉತಾರದಲ್ಲಿ ಇನ್ನೂ ಹೊಲದ ಮಾಲೀಕನದೇ ಹೆಸರು, ಕೊಂಡವರ ಕೈಯಲ್ಲಿರುವುದು ಬಾಂಡ್ ಪೇಪರ್ ಮಾತ್ರ. ನೋಂದಣಿಯಾಗದ ಬಾಂಡು ಮಾಲೀಕತ್ವ ಕೊಡದು. ಮಾಲೀಕ ತೀರಿಕೊಂಡು ವಾರಸಾ ಆದ ಮೇಲೆ ಮಕ್ಕಳು, ಹೆಣ್ಣುಮಕ್ಕಳು ತಮ್ಮ ಪಾಲು ಕೇಳಿದರೆ ಕೊಂಡವರಿಗೆ ನ್ಯಾಯಾಲಯದ ಮೆಟ್ಟಿಲೇ ಗತಿ. ಇಂಥ ಜಾಗಕ್ಕೆ ಬ್ಯಾಂಕು ಸಾಲ ಕೊಡುವುದಿಲ್ಲ. ಅಂದರೆ ಜಾಗದ ಹಣ, ಮನೆ ಕಟ್ಟುವ ಹಣ ಎಲ್ಲವೂ ಕೈಯಿಂದಲೇ ಬರಬೇಕು. ಶೇ 10 ಕೂಡಿಸಿದವರು ಶೇ 100 ಕೂಡಿಸಬೇಕಾಗುತ್ತದೆ. ಎರಡು ಲಕ್ಷ ಅಗ್ಗಕ್ಕೆ ಸಿಕ್ಕ ಪ್ಲಾಟು ಎಂಟು-ಒಂಬತ್ತು ಲಕ್ಷದ ಸಾಲದ ದಾರಿಯನ್ನು ಮುಚ್ಚುತ್ತದೆ.

ಗ್ರಾಮ ಪಂಚಾಯಿತಿಯ ಜಾಗವಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11, ಪಟ್ಟಣದಲ್ಲಾದರೆ ಇ-ಖಾತಾ, ಹಳೆಯ ಗಾವಠಾಣದ ಮನೆಯಾದರೆ ಸಿಟಿ ಸರ್ವೆಯ ಉತಾರ, ಜೊತೆಗೆ ಕಳೆದ ಹಲವು ವರ್ಷಗಳ ಋಣಭಾರ ಪತ್ರ. ಸಂಚಕಾರ ಕೊಡುವ ಮೊದಲೇ ಇವು ಕೈಯಲ್ಲಿರಬೇಕು. ವಕೀಲರ ಶೋಧನಾ ವರದಿಗೆ ಕೊಡುವ ಕೆಲವು ಸಾವಿರ ಈ ಇಡೀ ವ್ಯವಹಾರದಲ್ಲೇ ಅತಿ ಲಾಭದ ಖರ್ಚು. ತಂದೆಯ ಜಾಗದಲ್ಲಿ ಪಾಲು ಇರುವವರು ಬೇರೆ ಜಾಗ ಹುಡುಕುವ ಮೊದಲು ವಾಟ್ನಿ (ಆಸ್ತಿ ವಿಭಜನೆ) ಮಾಡಿಸಿ ತಮ್ಮ ಹೆಸರಿಗೆ ಉತಾರ ತೆಗೆಸಿಕೊಳ್ಳುವುದು ಮೇಲು. ಅಣ್ಣತಮ್ಮಂದಿರ ಮನಸ್ತಾಪಕ್ಕೆ ಹೆದರಿ ವಾಟ್ನಿಯನ್ನು ಮುಂದೂಡುವುದು ವಾಡಿಕೆ. ಮುಂದೂಡಿದಷ್ಟೂ ಸಹಿ ಹಾಕಬೇಕಾದವರ ಸಂಖ್ಯೆ ಬೆಳೆಯುತ್ತದೆ.

ಜಾಗದ ವಿಚಾರದಲ್ಲಿ ನದಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಜೋರಾದರೆ ಕೃಷ್ಣಾ, ದೂಧಗಂಗಾ, ವೇದಗಂಗಾ ತುಂಬಿ ಕಲ್ಲೋಳ-ಯಡೂರ, ಸದಲಗಾ-ಬೋರಗಾಂವ, ಜತ್ರಾಟ-ಭೀವಶಿ ಸೇತುವೆಗಳು ಮೊದಲು ಮುಳುಗುತ್ತವೆ. 2005, 2019, 2021ರಲ್ಲಿ ನೀರು ಸೇತುವೆಗೆ ನಿಲ್ಲದೆ ಊರೊಳಗೆ ಬಂತು. ಮಣ್ಣಿನ ಗೋಡೆಗಳು ಕುಸಿದವು. 2019ರಲ್ಲಿ ಪೂರ್ತಿ ಬಿದ್ದ ಮನೆಗೆ ಸರ್ಕಾರ ₹5 ಲಕ್ಷ ಘೋಷಿಸಿತು, ಅದು ಹಂತಹಂತವಾಗಿ ಬಂತು. ಆ ಹಣ ಬರುವವರೆಗೆ ಬಾಡಿಗೆ, ಹೊಸ ಪಾತ್ರೆ-ಪಗಡೆ, ಸತ್ತ ದನದ ಬದಲು ಮತ್ತೊಂದು ದನ ಎಂದು ಮನೆಗೆಂದು ಕೂಡಿಟ್ಟದ್ದು ಕರಗಿತು. ಮಾಂಜರಿ, ಇಂಗಳಿ, ಜುಗೂಳದಂಥ ನದಿದಂಡೆಯ ಊರುಗಳಲ್ಲಿ ಮೊದಲ ಮನೆ ಕಟ್ಟುವವರು 2019ರ ನೀರಿನ ಗುರುತಿಗಿಂತ ಮೇಲಿರುವ ಜಾಗವನ್ನೇ ಹುಡುಕಬೇಕು, ಅದಕ್ಕೆ ಒಂದು ವರ್ಷ ಹೆಚ್ಚು ಉಳಿಸಬೇಕಾಗಿ ಬಂದರೂ ಸರಿಯೆ. ಪ್ರವಾಹದ ನಷ್ಟವನ್ನೂ ಒಳಗೊಳ್ಳುವ ಭಾರತ್ ಗೃಹ ರಕ್ಷಾ ಎಂಬ ಏಕರೂಪದ ಮನೆ ವಿಮೆ 2021ರ ಏಪ್ರಿಲಿನಿಂದ ಇದೆ. ಕಂತಿನ ಜೊತೆ ಅದನ್ನೂ ಎಣಿಸಬೇಕು.

ಸರ್ಕಾರದ ನೆರವು ಇರುವಾಗ ಕೈಯಾಗಿನ ರೊಕ್ಕ ಏಕೆ ಎಂಬ ಪ್ರಶ್ನೆ ಸಹಜ. ಗ್ರಾಮೀಣ ಪ್ರಧಾನಮಂತ್ರಿ ಆವಾಸ್‌ನಲ್ಲಿ ಬಯಲುಸೀಮೆಯ ಮನೆಗೆ ಯೋಜನೆಯ ಮೊತ್ತ ₹1.20 ಲಕ್ಷ. ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮದ ಮನೆಗಳಿಗೆ ಹಣ ಬಿಡುಗಡೆಯಾಗುವುದು ತಳಪಾಯ, ಲಿಂಟಲ್, ಛಾವಣಿ ಎಂದು ಹಂತ ಮುಗಿದು ಫೋಟೊ ಏರಿದ ಮೇಲೆ. ಅಂದರೆ ತಳಪಾಯದ ಹಣ ಫಲಾನುಭವಿಯೇ ಮೊದಲು ಹಾಕಬೇಕು. ಪುಕ್ಕಟೆ ಎನಿಸುವ ಮನೆಗೂ ಮುಂಗಡ ಬೇಕು. ಅದಿಲ್ಲದವರು ಬಡ್ಡಿಗೆ ತಂದು ತಳಪಾಯ ಹಾಕುತ್ತಾರೆ, ಇಲ್ಲವೆ ಮಂಜೂರಾತಿಯೇ ರದ್ದಾಗುತ್ತದೆ. 2024ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ನಗರ 2.0ರಲ್ಲಿ ₹35 ಲಕ್ಷದೊಳಗಿನ ಮನೆಗೆ ಪಡೆದ ಸಾಲದ ಮೊದಲ ₹8 ಲಕ್ಷಕ್ಕೆ ಶೇ 4ರ ಬಡ್ಡಿ ಸಹಾಯಧನವಿದೆ, ಗರಿಷ್ಠ ₹1.80 ಲಕ್ಷ, ಅದೂ ಐದು ವಾರ್ಷಿಕ ಕಂತುಗಳಲ್ಲಿ, ಸಾಲ ಪಡೆದ ಮೇಲೆ. ಒಳ್ಳೆಯ ಯೋಜನೆ. ಆದರೆ ಬಾಗಿಲು ದಾಟಿದವರಿಗೆ ಸಿಗುವ ನೆರವು ಇದು. ಬಾಗಿಲ ಹೊರಗೆ ನಿಂತವರ ಶೇ 10ರ ಕೊರತೆಯನ್ನು ತುಂಬುವುದಿಲ್ಲ.

ಆ ಕೊರತೆಯನ್ನು ಒಟ್ಟಾಗಿ ತುಂಬಿದ ಉದಾಹರಣೆ ಗಡಿಯಾಚೆ, ಕನ್ನಡ ಮಾತನಾಡುವ ಹಳ್ಳಿಗಳಿರುವ ದಕ್ಷಿಣ ಸೋಲಾಪುರ ತಾಲ್ಲೂಕಿನ ಕುಂಭಾರಿಯಲ್ಲಿದೆ. ಕಾರ್ಮಿಕ ನಾಯಕ ನರಸಯ್ಯ ಆಡಂ ಅವರ ಮುಂದಾಳ್ತನದಲ್ಲಿ ಬೀಡಿ ಕಟ್ಟುವ ಹೆಣ್ಣುಮಕ್ಕಳು ಗೋದಾವರಿ ಪರುಳೇಕರ್ ಹೆಸರಿನಲ್ಲಿ ಗೃಹನಿರ್ಮಾಣ ಸಹಕಾರಿ ಸಂಘ ಕಟ್ಟಿದರು. ಮನೆಯೊಂದಕ್ಕೆ ₹60,000, ಕೇಂದ್ರದ್ದು ₹20,000, ಮಹಾರಾಷ್ಟ್ರದ್ದು ₹20,000, ಕಾರ್ಮಿಕಳದು ₹20,000. 2006ರ ಸೆಪ್ಟೆಂಬರ್ 1ರಂದು ಆಗಿನ ಪ್ರಧಾನಿ ಮನಮೋಹನ್ ಸಿಂಗ್ 10,000 ಮನೆಗಳನ್ನು ಹಸ್ತಾಂತರಿಸಿದರು. ಅದೇ ಕುಂಭಾರಿಯ ರೇನಗರದಲ್ಲಿ ಅಸಂಘಟಿತ ಕಾರ್ಮಿಕರಿಗಾಗಿ 30,000 ಮನೆಗಳ ಯೋಜನೆ ನಡೆದು, 2024ರ ಜನವರಿಯಲ್ಲಿ ಮೊದಲ 15,000 ಮನೆಗಳು ಹಸ್ತಾಂತರಗೊಂಡವು. ಬ್ಯಾಂಕಿನ ಮುಂದೆ ಒಬ್ಬೊಬ್ಬರಾಗಿ ನಿಂತಿದ್ದರೆ ಈ ಹೆಣ್ಣುಮಕ್ಕಳಲ್ಲಿ ಬಹುತೇಕರ ಅರ್ಜಿ ಮೇಜಿನಿಂದಲೇ ಹಿಂದೆ ಬರುತ್ತಿತ್ತು. ಸಂಘವಾಗಿ ನಿಂತಾಗ ಜಾಗದ ಕಾಗದ, ಆದಾಯದ ಸಾಕ್ಷಿ, ಸ್ವಂತ ಪಾಲು ಮೂರನ್ನೂ ಒಟ್ಟಿಗೆ ಬಗೆಹರಿಸಿಕೊಳ್ಳಲು ಸಾಧ್ಯವಾಯಿತು. ನಿಪ್ಪಾಣಿಯಲ್ಲೂ ಬೀಡಿ ಕಾರ್ಮಿಕರಿದ್ದಾರೆ, ಸಂಘಟನೆಯ ಇತಿಹಾಸವೂ ಇದೆ. ಬೀಡಿ ಕಾರ್ಮಿಕರ ಮನೆಗೆ ಕೇಂದ್ರ ಕಾರ್ಮಿಕ ಸಚಿವಾಲಯ 2016ರಲ್ಲಿ ಸಹಾಯಧನವನ್ನು ₹1.5 ಲಕ್ಷಕ್ಕೆ ಏರಿಸಿದಾಗಲೂ, ಸ್ವಂತ ಜಾಗ ಇಲ್ಲದವರು ಅರ್ಜಿ ಹಾಕುವ ಸ್ಥಿತಿಯಲ್ಲೇ ಇರಲಿಲ್ಲ.

ಐದು ತಾಲ್ಲೂಕುಗಳಿಗೆ ಬೇಕಾದ ಹಲವು ಸಲಕರಣೆಗಳು ಇಲ್ಲಿ ಈಗಾಗಲೇ ಇವೆ. ಸೊಸೈಟಿಯ ಬೆಳೆಸಾಲ ಬಾಕಿ ಇದ್ದರೆ ಕಾರ್ಖಾನೆ ಕಬ್ಬಿನ ಬಿಲ್ಲಿನಲ್ಲೇ ಅದನ್ನು ಮುರಿದುಕೊಳ್ಳುತ್ತದೆ; ಸಾಲಕ್ಕೆ ಮುರಿದುಕೊಳ್ಳಲು ಸಾಧ್ಯವಿದ್ದರೆ, ರೈತ ಬರೆದುಕೊಟ್ಟಷ್ಟು ಹಣವನ್ನು ಟನ್ನಿಗೆ ಇಷ್ಟೆಂದು ಅವನ ಹೆಸರಿನ ಬ್ಯಾಂಕ್ ಠೇವಣಿಗೆ ಹಾಕಲೂ ಸಾಧ್ಯ. ಡೇರಿಗಳು ಹಾಲಿನ ಬಟವಾಡೆಯಲ್ಲಿ ಅದನ್ನೇ ಮಾಡಬಹುದು. ಪತ್ತಿನ ಸಂಘಗಳು ಐದು ವರ್ಷ ತಪ್ಪದೆ ಪಿಗ್ಮಿ ಕಟ್ಟಿದವರ ಲೆಕ್ಕವನ್ನು ಬ್ಯಾಂಕು ಒಪ್ಪುವ ನಮೂನೆಯಲ್ಲಿ ಬರೆದುಕೊಡಬಹುದು. ಗ್ರಾಮ ಪಂಚಾಯಿತಿಗಳು ಮಂಜೂರಾದ ಮನೆಯ ತಳಪಾಯಕ್ಕೆ ಸ್ತ್ರೀಶಕ್ತಿ ಸಂಘಗಳಿಂದ ಕಡಿಮೆ ಬಡ್ಡಿಯ ಕೈಸಾಲ ಕೊಡಿಸಬಹುದು. ಇವಕ್ಕೆ ಹೊಸ ಕಾಯ್ದೆ ಬೇಡ, ಆಡಳಿತ ಮಂಡಳಿಗಳ ಒಂದೊಂದು ಠರಾವು ಸಾಕು. ಮನೆಗೆಂದು ಹಣ ಕೂಡಿಸಹೊರಟ ಕುಟುಂಬ ಇಂಥ ಠರಾವಿಗೆ ಕಾಯುತ್ತ ಕೂರುವುದು ಬೇಡ. ಹೆಸರು, ಹುಟ್ಟಿದ ತಾರೀಖು ಎಲ್ಲ ಕಾಗದದಲ್ಲೂ ಒಂದೇ ಆಗಿದೆಯೇ ಎಂದು ಈ ತಿಂಗಳೇ ನೋಡಿಕೊಳ್ಳಲಿ, ಬಿಲ್ಲು-ಚೀಟಿಗಳನ್ನು ಒಂದು ಫೈಲಿನಲ್ಲಿ ಜೋಡಿಸಲಿ, ಉತಾರ ನೋಡದೆ ಯಾವ ಜಾಗಕ್ಕೂ ಸಂಚಕಾರ ಕೊಡದಿರಲಿ.